ಕಲೆ, ವಿಜ್ಞಾನ, ತತ್ತ್ವ ಮೂರೂ ಒಂದೇ ಆದರೆ ಪಿಯುಸಿ ಅರ್ಜಿಯಲ್ಲಿ ಯಾಕೆ ಬೇರೆ ಬೇರೆ ಕಾಲಂ?

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದಳು. ಮಾರ್ಕ್ಸ್ ಚೆನ್ನಾಗೇ ಬಂದಿದೆ. ಅದನ್ನ ಹೇಳಿಕೊಳ್ಳೋಕೆ ಬಂದಿಲ್ಲ, ಸಮಸ್ಯೆ ಬೇರೆ.

ಶಾಲೆಯ ಬೀಳ್ಕೊಡುಗೆ ದಿನ ಒಬ್ಬರು ಅತಿಥಿ ಬಂದಿದ್ದರು. ಮುಕ್ಕಾಲು ಗಂಟೆ ಮಾತಾಡಿದರು. ಕಲೆ, ವಿಜ್ಞಾನ, ತತ್ತ್ವಶಾಸ್ತ್ರ ಬೇರೆ ಅಲ್ಲವೇ ಅಲ್ಲ, ಮೂರೂ ಒಂದೇ ನದಿಗೆ ಸೇರೋ ಹಳ್ಳಗಳು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಮುಂದಿನ ವಾರ ಪಿಯುಸಿ ಅರ್ಜಿ ತಂದು ಊಟದ ಮೇಜಿನ ಮೇಲೆ ಇಟ್ಟೆ. ಇವಳು ಅದನ್ನ ತಿರುಗಿಸಿ ಮುರುಗಿಸಿ ನೋಡಿ, 'ಅಪ್ಪಾ, ಮೂರೂ ಒಂದೇ ಅಂದ್ರಲ್ಲ, ಮತ್ತೆ ಇಲ್ಯಾಕೆ ಬೇರೆ ಬೇರೆ ಕಾಲಂ?' ಅಂದಳು. ಸಾರು ಬಡಿಸ್ತಿದ್ದ ನನ್ನ ಹೆಂಡತಿ ನಕ್ಕಳು. ನನಗೆ ಉತ್ತರ ಹೊಳೆಯಲಿಲ್ಲ.

ಇವಳಿಗೆ ಫಿಸಿಕ್ಸ್ ಇಷ್ಟ. ಚಿತ್ರ ಬಿಡಿಸೋದೂ ಅಷ್ಟೇ ಇಷ್ಟ. ಹಳೇಬೀಡಿಗೆ ಹೋದರೆ ನಾವೆಲ್ಲ ಫೋಟೋ ಹೊಡೆದುಕೊಂಡು ಅರ್ಧ ಗಂಟೆಗೆ ಹೊರಗೆ ಬಂದು ಕಡಲೆಕಾಯಿ ತಿನ್ನುತ್ತಾ ಕೂತಿರುತ್ತೇವೆ, ಇವಳು ಗೋಡೆಯ ತೀರಾ ಕೆಳಗಿನ ಆನೆ ಸಾಲಿನ ಮುಂದೆ ನೋಟ್‌ಬುಕ್ ಹಿಡಿದು ನೆಲದ ಮೇಲೆ ಕೂತಿರುತ್ತಾಳೆ, ವಾಚ್‌ಮನ್ ಬಂದು ಎಬ್ಬಿಸೋ ತನಕ. ಯಾವ ಕಾಲೇಜು ಅಂತ ನಾನು ಕೇಳ್ತಿಲ್ಲ. ಈ ಸಮನ್ವಯ ಅನ್ನೋದರಲ್ಲಿ ನಿಜವಾಗಿ ಏನಾದರೂ ಇದೆಯಾ, ಅಥವಾ ಮೈಕ್ ಸಿಕ್ಕಾಗ ಹೇಳೋ ಮಾತಾ? ಅಷ್ಟು ಹೇಳಿ.

ಸುಮ್ನೆ ಓದೋನು

ಮೈಕ್ ಮಾತು. ಪಿಸಿಎಂಬಿ ಕೊಡಿಸಿ. ಚಿತ್ರ ಭಾನುವಾರ ಬಿಡಿಸಲಿ.

ಅರ್ಧ ಫಿಲ್ಟರ್ (ಚಿಕ್ಕಮಗಳೂರು)

ಮೇಲಿನವರ ಮಾತು ಒರಟು, ಆದರೂ ಅರ್ಧ ಒಪ್ಪುತ್ತೇನೆ. ನಾವು ಕಾಫಿ ಬೆಳೆಯೋರು. ಪುಡಿ ಅಂಗಡಿಯಲ್ಲಿ 80-20 ಅಂತ ಕೇಳ್ತಾರಲ್ಲ, ಆ 20 ಚಿಕೋರಿ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಕಾಣಿಸುತ್ತೆ, ಹಾಗಂತ ಕಾಫಿ ಜಾಸ್ತಿ ಆಗಲಿಲ್ಲ. ಕಲೆ ವಿಜ್ಞಾನ ತತ್ತ್ವ ಬೆರೆಸಿದ ಭಾಷಣ ಕೇಳಿದಾಗೆಲ್ಲ ನನಗೆ ಆ ಚಿಕೋರಿಯೇ ನೆನಪಾಗೋದು. ಮೂರರಲ್ಲಿ ಒಂದನ್ನೂ ಸರಿಯಾಗಿ ಕಲಿಯದವರೇ ಮೂರನ್ನೂ ಬೆರೆಸೋಕೆ ಮೊದಲು ಎದ್ದು ನಿಲ್ಲೋದು.

ಮಲೆನಾಡ ಮೇಷ್ಟ್ರು (ಕೊಪ್ಪ)

ಸಮನ್ವಯ ಅನ್ನೋ ಪದ ನಮ್ಮ ತಾಲೂಕಿಗೆ ಹೊಸದಲ್ಲ ಸ್ವಾಮಿ. ಕುವೆಂಪು ಹುಟ್ಟಿದ್ದು ಇಲ್ಲೇ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ ಪಂಚಮಂತ್ರ ನೆನಪು ಮಾಡಿಕೊಳ್ಳಿ: ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ. ನಾಲ್ಕನೆಯದೇ ನಿಮ್ಮ ಪ್ರಶ್ನೆ. ಆದರೆ ಜೀವನವಿಡೀ ಕನ್ನಡ ಪಾಠ ಮಾಡಿದವನಿಗೆ ದೊಡ್ಡ ಪದ ಕಂಡರೆ ಸ್ವಲ್ಪ ಭಯ. ಸಣ್ಣದರಿಂದ ಹೋಗೋಣ.

ಮಗಳಿಗೆ ಯಮಾತಾರಾಜಭಾನಸಲಗಂ ಬರುತ್ತಾ ಕೇಳಿ. ಹತ್ತನೇ ಕ್ಲಾಸ್ ಮುಗಿಸಿದಾಳೆ, ಬರಲೇಬೇಕು. ಹತ್ತು ಅಕ್ಷರ. ಮೊದಲ ಮೂರು ಹಿಡಿಯಿರಿ: ಯ-ಮಾ-ತಾ. ಲಘು, ಗುರು, ಗುರು. ಅದು ಯಗಣ. ಒಂದಕ್ಷರ ಮುಂದೆ ಸರಿಯಿರಿ: ಮಾ-ತಾ-ರಾ. ಮೂರೂ ಗುರು, ಮಗಣ. ಇನ್ನೊಂದು ಸರಿದರೆ ತಾ-ರಾ-ಜ, ತಗಣ. ಹೀಗೇ ಸ-ಲ-ಗಂ ತನಕ ಹೋಗಿ. ಮೂರು ಅಕ್ಷರದಲ್ಲಿ ಲಘು ಗುರು ಜೋಡಿಸೋಕೆ ಇರೋದು ಎಂಟೇ ದಾರಿ. ಎಂಟೂ ಬಂತು. ಯಾವುದೂ ಎರಡು ಸಲ ಬರಲಿಲ್ಲ. ಬಿಡಿಬಿಡಿಯಾಗಿ ಬರೆದಿದ್ದರೆ 24 ಅಕ್ಷರ ಬೇಕಿತ್ತು, ಇಲ್ಲಿ ಹತ್ತರಲ್ಲಿ ಮುಗೀತು. ಮೇಲಾಗಿ ಪ್ರತಿ ಗಣವೂ ತನ್ನ ಹೆಸರಿನ ಅಕ್ಷರದಿಂದಲೇ ಶುರು. ಇಂಥ ಸರಣಿಗೆ ಗಣಿತದವರು ಡಿ ಬ್ರೂಯಿನ್ ಸರಣಿ ಅಂತಾರೆ, ಆ ಡಚ್ ಗಣಿತಜ್ಞ ಅದರ ಬಗ್ಗೆ ಬರೆದದ್ದು 1946ರಲ್ಲಿ. ನಮ್ಮ ಹುಡುಗರು ಬೆಂಚಿನ ಮೇಲೆ ನಿಂತು ಬಾಯಿಪಾಠ ಒಪ್ಪಿಸ್ತಿದ್ದರು. ಏನು ಒಪ್ಪಿಸ್ತಿದ್ದೀವಿ ಅಂತ ಅವರಿಗೂ ಗೊತ್ತಿರಲಿಲ್ಲ, ಬಹಳ ವರ್ಷ ನನಗೂ ಗೊತ್ತಿರಲಿಲ್ಲ.

ಇನ್ನೊಂದು. ಲಕ್ಷ್ಮೀಶ ಕವಿ ನಮ್ಮ ಜಿಲ್ಲೆಯವನೇ, ಕಡೂರು ತಾಲೂಕಿನ ದೇವನೂರು. ಅವನದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ಗಣ. ಐದು ಮಾತ್ರೆಯನ್ನ ಲಘು ಗುರುವಿನಿಂದ ಎಷ್ಟು ಥರ ತುಂಬಬಹುದು? ಕೊನೆಗೆ ಲಘು ಇಟ್ಟರೆ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತೆ, ಗುರು ಇಟ್ಟರೆ ಮೂರು. ಅಂದರೆ ನಾಲ್ಕರ ಲೆಕ್ಕ, ಮೂರರ ಲೆಕ್ಕ ಎರಡನ್ನೂ ಕೂಡಿದರೆ ಐದರ ಲೆಕ್ಕ. ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಲೋಕವೆಲ್ಲ ಇದನ್ನ ಫಿಬೊನಾಚಿ ಸಂಖ್ಯೆ ಅನ್ನುತ್ತೆ, ಆ ಇಟಲಿಯ ಗಣಿತಜ್ಞನ ಪುಸ್ತಕ 1202ರದು. ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ ನಮ್ಮ ಛಂದಸ್ಸಿನ ಪಂಡಿತ ಹೇಮಚಂದ್ರ ಬರೆದಿಟ್ಟಿದ್ದ, ಅವನಿಗಿಂತ ಮೊದಲು ವಿರಹಾಂಕ. ಇಬ್ಬರೂ ಎಣಿಸ್ತಾ ಇದ್ದದ್ದು ಪದ್ಯದ ಮಾತ್ರೆಯನ್ನ.

ಅಳತೆ ಟೇಪು (ಬೇಲೂರು)

ಮೇಷ್ಟ್ರೆ, ಚೆನ್ನಾಗಿದೆ. ಒಂದು ತಕರಾರು. ಎಣಿಸಿದ್ದು ಗಣಿತ, ಸರಿ. ಲಕ್ಷ್ಮೀಶ ಪದ್ಯ ಕಟ್ಟುವಾಗ ಎಂಟು ದಾರಿ ಎಣಿಸಿಕೊಂಡು ಕೂತಿದ್ದನಾ?

ಮಲೆನಾಡ ಮೇಷ್ಟ್ರು (ಕೊಪ್ಪ)

ಇಲ್ಲ. ಅವನದು ಕಿವಿ. ಲೆಕ್ಕ ಎಂಟು ದಾರಿ ಕೊಡುತ್ತೆ, ಕನ್ನಡದ ಕಿವಿ ಅದರಲ್ಲಿ ಎರಡನ್ನ ಹೊರಗೆ ಹಾಕುತ್ತೆ. ಲಘು, ಅದರ ಹಿಂದೆಯೇ ಗುರು, ಹಾಗೆ ಗಣ ಶುರುವಾದರೆ ಹಾಡುವಾಗ ಹೊಸ್ತಿಲು ಎಡವಿದ ಹಾಗಾಗುತ್ತೆ. ಯಾಕೆ ಎಡವುತ್ತೆ ಅಂತ ಲೆಕ್ಕ ಹೇಳಲ್ಲ. ಗಮಕಿಗಳ ಪಕ್ಕ ಕೂತು ಕೇಳಿದರೆ ಗೊತ್ತಾಗುತ್ತೆ.

ಅಳತೆ ಟೇಪು (ಬೇಲೂರು)

ಈಗ ಸರಿ ಹೋಯ್ತು. ನಾನು ಸಿವಿಲ್ ಕೆಲಸದವನು, ಮಗಳು ಆನೆ ಬಿಡಿಸ್ತಾಳೆ ಅಂದಿದ್ದಕ್ಕೆ ಬರೀತಿದ್ದೀನಿ. ಮೊದಲೇ ಹೇಳ್ತೀನಿ, ಹೊಯ್ಸಳರ ಕಾಲದಲ್ಲಿ ಹೆಲಿಕಾಪ್ಟರ್ ಇತ್ತು ಅನ್ನೋ ವಾಟ್ಸಾಪ್ ಬಳಗಕ್ಕೆ ನಾನು ಸೇರಿದವನಲ್ಲ. ಬೇಲೂರು ಅಂಗಳದ 42 ಅಡಿ ಕಂಬ ಬುನಾದಿ ಇಲ್ಲದೆ ನಿಂತಿದೆ ಅಂತ ಪ್ರತಿ ಗೈಡೂ ಹೇಳ್ತಾನೆ. ಅದರಲ್ಲಿ ಮಂತ್ರ ಇಲ್ಲ. ಅಗಲ ಕಟ್ಟೆ, ಭಾರಿ ತೂಕ, ತೂಕದ ನಡುಗೆರೆ ತಳದ ಒಳಗೇ ಬೀಳುತ್ತೆ, ಅಷ್ಟೇ. ಆದರೆ ಅಷ್ಟೇ ಅಂತ ಹೇಳೋದು ಸುಲಭ, ಅಷ್ಟುದ್ದದ ಕಲ್ಲನ್ನ ನೆಟ್ಟಗೆ ನಿಲ್ಲಿಸೋ ದಿನ ಅಲ್ಲಿದ್ದೋರ ಎದೆ ಹೇಗೆ ಹೊಡಕೊಂಡಿರಬೇಕು ಅಂತ ಕ್ರೇನ್ ಇಟ್ಟುಕೊಂಡೇ ಬೀಮ್ ಎತ್ತಿಸುವಾಗ ಬೆವರೋ ನನಗೆ ಗೊತ್ತು.

ಮಗಳಿಗೆ ಆನೆ ಬಿಟ್ಟು ನೆಲ ನೋಡೋಕೆ ಹೇಳಿ. ಗುಡಿಯ ತಳದ ನಕ್ಷತ್ರ. ಒಂದು ಮೊಳೆ, ಒಂದು ದಾರ, ಒಂದು ಸೀಮೆಸುಣ್ಣ ಸಾಕು. ಒಂದು ಚೌಕ ಬರೀರಿ. ನಡುವಿನ ಬಿಂದು ಹಾಗೇ ಇಟ್ಟುಕೊಂಡು ಚೌಕವನ್ನ 45 ಡಿಗ್ರಿ ತಿರುಗಿಸಿ ಮತ್ತೆ ಬರೀರಿ, ಎಂಟು ಮೂಲೆ ಬರುತ್ತೆ. ನಾಲ್ಕು ಚೌಕ ತಗೊಂಡು ಇಪ್ಪತ್ತೆರಡೂವರೆ ಡಿಗ್ರಿಗೊಂದು ತಿರುಗಿಸಿ, 16 ಮೂಲೆ. ಸೋಮನಾಥಪುರದ ಗುಡಿಗಳ ತಳ ಹೀಗೆ 16 ಮೂಲೆಯದು. ಅರಸೀಕೆರೆಯ ಈಶ್ವರ ಗುಡಿ ಇನ್ನೂ ತುಂಟ, ಅಲ್ಲಿ ಮೂಲೆಗಳೆಲ್ಲ ಒಂದೇ ಥರ ಇಲ್ಲ.

ಇದು ಬರೀ ರೇಖಾಗಣಿತ ಆಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಮೂಲೆ ಜಾಸ್ತಿ ಆದಷ್ಟೂ ಗೋಡೆಯ ಮೇಲೆ ಬಿಸಿಲು ನೆರಳು ಕತ್ತರಿಸಿ ಕತ್ತರಿಸಿ ಬೀಳುತ್ತೆ. ಬೆಳಿಗ್ಗೆ ಎಂಟಕ್ಕೆ ಒಂದು ಮುಖ ಹೊಳೆದರೆ ಹತ್ತಕ್ಕೆ ಅದರ ಪಕ್ಕದ್ದು. ಶಿಲ್ಪ ಅಲ್ಲಾಡಿದ ಹಾಗೆ ಕಾಣುತ್ತೆ. ಕಲ್ಲೂ ಅದಕ್ಕೆ ಒಪ್ಪಬೇಕು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಹಾಗಾಗಿಯೇ ಒಳಗಿನ ಕಂಬಗಳನ್ನ ಬುಗುರಿ ಥರ ತಿರುಗಿಸಿ ಕಡೆಯೋಕೆ ಆಯ್ತು. ಗ್ರಾನೈಟಿನಲ್ಲಿ ಆ ಆಟ ನಡೆಯಲ್ಲ. ನೋಟ ಇತ್ತು, ಲೆಕ್ಕ ಇತ್ತು, ಕಲ್ಲಿನ ಗುಣ ಗೊತ್ತಿತ್ತು. ಮೂರನ್ನೂ ಒಬ್ಬನೇ ಕೂತು ಬೆರೆಸಲಿಲ್ಲ. ಗುಡಿ ಬೀಳಬಾರದು ಅನ್ನೋ ಒಂದೇ ಹೆದರಿಕೆ ಮೂರನ್ನೂ ಒಂದೇ ಜಾಗಕ್ಕೆ ಎಳೆದು ತಂತು.

ಗಿರಿ ಗಾಳಿ (ಚಿಕ್ಕಮಗಳೂರು)

ಶೃಂಗೇರಿ ಬಿಟ್ಟಿರಲ್ಲ! ವಿದ್ಯಾಶಂಕರ ದೇವಸ್ಥಾನದ 12 ರಾಶಿ ಕಂಬಗಳು. ಆಯಾ ತಿಂಗಳು ಸೂರ್ಯನ ಬೆಳಕು ಆಯಾ ರಾಶಿಯ ಕಂಬದ ಮೇಲೆ ಬೀಳುತ್ತೆ ಅಂತಾರೆ. ಶಿಲ್ಪ, ಜ್ಯೋತಿಷ್ಯ, ಅದ್ವೈತ ಮೂರೂ ಒಂದೇ ಸೂರಿನ ಕೆಳಗೆ. ಇದಕ್ಕಿಂತ ಸಮನ್ವಯ ಬೇಕಾ?

ಅಳತೆ ಟೇಪು (ಬೇಲೂರು)

ಕಂಬ ಅದ್ಭುತ, ಎರಡು ಮಾತಿಲ್ಲ. ಬೆಳಕಿನ ವಿಚಾರಕ್ಕೆ ಮಾತ್ರ 'ಅಂತಾರೆ' ಸಾಲದು. ಗುಡಿ 14ನೇ ಶತಮಾನದ್ದು. ಅಯನ ಚಲನೆ, ಅಂದರೆ ಉತ್ತರಾಯಣದ ಬಿಂದು ನಕ್ಷತ್ರಗಳ ಲೆಕ್ಕದಲ್ಲಿ ನಿಧಾನವಾಗಿ ಸರಿಯೋದು, ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ. ಅಲ್ಲಿಂದ ಇಲ್ಲಿಗೆ ಒಂಬತ್ತು ಡಿಗ್ರಿಗೂ ಮೀರಿ ಸರಿದಿದೆ. ಉತ್ತರಾಯಣ ಹುಟ್ಟೋದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೀರೋದು ಜನವರಿ 14-15ಕ್ಕೆ. ಒಂದು ಕಾಲಕ್ಕೆ ಎರಡೂ ಒಂದೇ ದಿನ ಇದ್ದವು, ಗೊತ್ತಿದೆ ಅಲ್ವಾ? ಹಾಗಾಗಿ ಕಟ್ಟಿದಾಗ ಬೆಳಕು ಸರಿಯಾಗಿ ಬೀಳ್ತಿದ್ದರೆ ಈಗ ಸ್ವಲ್ಪ ತಪ್ಪಬೇಕು. ಈಗ ಸರಿಯಾಗಿ ಬೀಳ್ತಿದ್ದರೆ ಆಗ ತಪ್ಪಿರಬೇಕು. ಯಾರಾದರೂ ಹನ್ನೆರಡು ತಿಂಗಳು ಸಂಕ್ರಮಣದ ಬೆಳಿಗ್ಗೆ ಹೋಗಿ ಕೂತು ಬರೆದಿಡಲಿ. ಅದಾದ ಮೇಲೆ ನಾನೇ ನಿಮ್ಮ ಜೊತೆ ಕೈ ಮುಗೀತೀನಿ.

ಗಿರಿ ಗಾಳಿ (ಚಿಕ್ಕಮಗಳೂರು)

ನೀವು ಎಲ್ಲದಕ್ಕೂ ಟೇಪು ಹಿಡೀತೀರ ಅಣ್ಣ. ಹೆಸರು ಸರಿಯಾಗಿಟ್ಟುಕೊಂಡಿದ್ದೀರ.

ತತ್ತ್ವ ಓದಿ ಕೌಂಟರ್ ಸೇರಿದವಳು (ಚಿಕ್ಕಮಗಳೂರು)

ಮೇಲಿಂದ ಓದ್ತಾ ಬಂದೆ. ಕಲೆ ಬಂತು, ವಿಜ್ಞಾನ ಬಂತು. ತತ್ತ್ವಶಾಸ್ತ್ರ ಎಲ್ರೀ? ಯಾವಾಗಲೂ ಹೀಗೇ. ಭಾಷಣದಲ್ಲಿ ಮೂರನೇ ಹೆಸರು, ಉದಾಹರಣೆ ಕೊಡುವಾಗ ಮಾಯ. ನಾನು ತತ್ತ್ವಶಾಸ್ತ್ರದಲ್ಲಿ ಎಂಎ ಮಾಡಿ ಈಗ ಬ್ಯಾಂಕಿನಲ್ಲಿ ಕ್ಯಾಶ್ ಎಣಿಸ್ತೀನಿ, ಹಾಗಾಗಿ ಈ ಅವಮಾನ ನನಗೆ ವೈಯಕ್ತಿಕ :)

ಖಗೋಳ ವಿಜ್ಞಾನಿ ಕೆಪ್ಲರ್ ಕಥೆ ಹೇಳ್ತೀನಿ. ಅವನಿಗೆ ಒಂದು ಹುಚ್ಚು ನಂಬಿಕೆ. ದೇವರು ಲೋಕವನ್ನ ಚೆಂದದ ಲೆಕ್ಕದಲ್ಲೇ ಕಟ್ಟಿದಾನೆ ಅಂತ. 1596ರಲ್ಲಿ ಐದು ಘನಾಕೃತಿಗಳನ್ನ ಒಂದರೊಳಗೊಂದು ಇಟ್ಟು ಗ್ರಹಗಳ ದಾರಿ ಹೇಳಿದ. ನೋಡೋಕೆ ಬಹಳ ಚೆಂದ. ಪೂರ್ತಿ ತಪ್ಪು. ಆಮೇಲೆ ಮಂಗಳನ ಹಿಂದೆ ಬಿದ್ದ. ವರ್ಷಗಟ್ಟಲೆ ಲೆಕ್ಕ ಹಾಕಿ ಒಂದು ವಿವರಣೆ ಕಟ್ಟಿದ, ಅದು ಗ್ರಹಗಳ ಜಾಗ ಅಳೆದಿಟ್ಟಿದ್ದ ಟೈಕೋ ಬ್ರಾಹೆಯ ಅಳತೆಗೆ ಎಂಟು ಆರ್ಕ್‌ಮಿನಿಟ್ ತಪ್ಪುತ್ತಿತ್ತು. ಒಂದು ಡಿಗ್ರಿಯ ಅರವತ್ತರಲ್ಲಿ ಎಂಟು ಪಾಲು. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡು ಅಂತಿದ್ದರು. ಇವನು ಟೈಕೋ ಅಷ್ಟು ತಪ್ಪು ಅಳೆಯೋ ಆಸಾಮಿ ಅಲ್ಲ ಅಂತ ಹೇಳಿ ತನ್ನದನ್ನೇ ಎತ್ತಿ ಎಸೆದ. ಕೊನೆಗೆ ಸಿಕ್ಕಿದ್ದು ದೀರ್ಘವೃತ್ತ, 1609ರಲ್ಲಿ ಪ್ರಕಟ ಆಯ್ತು. 1619ರಲ್ಲಿ ಮತ್ತೆ ಹಳೇ ಹುಚ್ಚು: ಗ್ರಹಗಳು ಓಡೋ ವೇಗದಲ್ಲಿ ಸ್ವರ ಇದೆ ಅಂತ ಪ್ರತಿ ಗ್ರಹಕ್ಕೂ ಸ್ವರ ಬರೆದ. ಅದೇ ಪುಸ್ತಕದೊಳಗೆ ಅವನ ಮೂರನೇ ನಿಯಮ ಕೂತಿದೆ, ಈಗ ನಿಮ್ಮ ಮಗಳು ಪಿಯುಸಿಯಲ್ಲಿ ಓದೋದು.

ನನಗೆ ಇದರಲ್ಲಿ ತತ್ತ್ವಶಾಸ್ತ್ರ ಕಾಣೋದು ಗ್ರಹಗಳ ಸಂಗೀತದಲ್ಲಲ್ಲ, ಆ ಎಂಟು ಮಿನಿಟಿನಲ್ಲಿ. ನನಗೆ ಇಷ್ಟವಾದದ್ದು ನಿಜ ಆಗಿರಲೇಬೇಕಾ ಅಂತ ಕೇಳಿಕೊಳ್ಳೋದು.

ಅರ್ಧ ಫಿಲ್ಟರ್ (ಚಿಕ್ಕಮಗಳೂರು)

ಮೇಡಂ, ಇದು ಚಿಕೋರಿ ಇಲ್ಲದ ಕಾಫಿ.

ನಮ್ಮ ಜಿಲ್ಲೆಯಲ್ಲಿ ಈ ವಿಷಯ ಬಂದರೆ ತೇಜಸ್ವಿಯವರ ಹೆಸರು ಬರದೆ ಹೋಗಲ್ಲ, ಬಂದೇ ಬಿಡಲಿ. ಮೂಡಿಗೆರೆಯ ತೋಟ, ಕ್ಯಾಮೆರಾ, ಹಕ್ಕಿ, ಮೀನಿನ ಗಾಳ, ಬರವಣಿಗೆ, ಆಮೇಲೆ ಕಂಪ್ಯೂಟರಿಗೆ ಕನ್ನಡ ತರೋ ಜಗಳ. ಹಕ್ಕಿ ನೋಡೋಕೆ ಹೋದರು, ಹಕ್ಕಿ ಇನ್ನೊಂದು ಕಡೆಗೆ ಕರಕೊಂಡು ಹೋಯ್ತು. ಆದರೆ ಒಂದು ಮಾತು ಯಾರೂ ಹೇಳಲ್ಲ. ಅದಕ್ಕೆ ತೋಟ ಬೇಕು. ಬಿಡುವು ಬೇಕು. ನಾನೂ ತೋಟದವನೇ, ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೀನಿ. ತಿಂಗಳ ಕೊನೆಗೆ ಬಾಡಿಗೆ ಕಟ್ಟೋ ಹುಡುಗನಿಗೆ ಮೂರು ಶಾಸ್ತ್ರ ಸುತ್ತಿ ಬಾ ಅಂದರೆ ಅವನು ನಗ್ತಾನೆ.

ಕರಣೆ ಹಚ್ಚೋನು (ಅರಕಲಗೂಡು ಕಡೆ)

ಇಲ್ಲಿ ಬರೆದು ಅಭ್ಯಾಸ ಇಲ್ಲ. ತಪ್ಪಿದ್ದರೆ ಬೈಬೇಡಿ. ಬಿಡುವು ಅಂದಿದ್ದಕ್ಕೆ ಬರೀಬೇಕು ಅನಿಸಿತು. ನಾನು ಮೃದಂಗ, ತಬಲಾ ರಿಪೇರಿ ಮಾಡೋನು. ರುದ್ರಪಟ್ಟಣ ಗೊತ್ತಲ್ಲ, ಕಾವೇರಿ ದಡದ ಸಂಗೀತದ ಊರು, ತಂಬೂರಿ ಆಕಾರದ ಗುಡಿ ಇರೋದು. ಅದರ ಆಸುಪಾಸಿನವನು. ನನಗೆ ಬಿಡುವಿಲ್ಲ, ಓದೂ ಕಡಿಮೆ.

ಮೃದಂಗದ ಬಲಗಡೆ ನಡುವೆ ಕಪ್ಪಗೆ ದುಂಡಗೆ ಇರುತ್ತಲ್ಲ, ಅದು ಕರಣೆ. ಕಬ್ಬಿಣದ ಅಂಶ ಇರೋ ಕಪ್ಪು ಕಲ್ಲಿನ ನುಣ್ಣನೆ ಪುಡಿ, ಮೆತ್ತಗೆ ಬೆಂದ ಅನ್ನ. ಎರಡನ್ನೂ ಸೇರಿಸಿ ತಿಕ್ಕಿ ತಿಕ್ಕಿ ಬೆಣ್ಣೆ ಥರ ಮಾಡಬೇಕು. ಅನ್ನದಲ್ಲಿ ಒಂದು ಕಾಳು ಗಂಟಿದ್ದರೂ ಬೆರಳಿಗೆ ಗೊತ್ತಾಗುತ್ತೆ. ಒಂದು ತೆಳು ಪದರ ಹಚ್ಚೋದು, ಒಣಗೋ ತನಕ ನುಣುಪು ಕಲ್ಲಲ್ಲಿ ಉಜ್ಜೋದು. ಉಜ್ಜಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತೆ, ಕಣ್ಣಿಗೆ ಕಾಣಲ್ಲ. ಬಿರುಕು ಬೇಕು. ಅದಿಲ್ಲದಿದ್ದರೆ ತೊಗಲು ಬಾಗಲ್ಲ, ಹಲಗೆ ತಟ್ಟಿದ ಸದ್ದು. ಆಮೇಲೆ ಅದರ ಮೇಲೆ ಇನ್ನೊಂದು ಪದರ, ಸ್ವಲ್ಪ ಚಿಕ್ಕದು. ನಡುವೆ ದಪ್ಪ, ಅಂಚಿಗೆ ತೆಳು. ಒಂದೊಂದು ಪದರಕ್ಕೂ ತಟ್ಟಿ ಕೇಳ್ತೀನಿ. ಎಷ್ಟು ಪದರ ಅಂತ ಯಾರಾದರೂ ಕೇಳಿದರೆ ಹೇಳೋಕೆ ಬರಲ್ಲ. ಕಿವಿ ಸಾಕು ಅಂದಾಗ ಸಾಕು.

ಎಡಗಡೆಗೆ ಕಚೇರಿ ದಿನ ರವೆ ಕಲಸಿ ಮೆತ್ತುತಾರೆ, ಮುಗಿದ ಮೇಲೆ ಕೆರೆದು ತೆಗೀತಾರೆ. ಅದಿಲ್ಲದಿದ್ದರೆ ಗುಂಕಿ, ಅಂದರೆ ಎಡಗಡೆಯ ಗುಂಯ್ ಅನ್ನೋ ನಾದ, ಬರಲ್ಲ. ಇದು ಕಲೆಯೋ ವಿಜ್ಞಾನವೋ ನನಗೆ ಗೊತ್ತಿಲ್ಲ. ನಮ್ಮಪ್ಪ ಇದನ್ನ ಕೆಲಸ ಅಂತಿದ್ದರು.

ಲ್ಯಾಬ್ ಮೇಡಂ (ಹಾಸನ)

ಕರಣೆ ಅಣ್ಣ, ನೀವು ಬರೆದದ್ದು ಓದಿ ಮೈ ಜುಮ್ಮಂತು. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ. ನಿಮ್ಮ ಕೆಲಸದ ಮೇಲೆ ಸಿ.ವಿ. ರಾಮನ್ ಬರೆದಿದ್ದಾರೆ, ಗೊತ್ತಾ?

ಸಾಮಾನ್ಯ ಡೋಲು ಅಥವಾ ಡ್ರಮ್ ತಗೊಳ್ಳಿ. ಅದರ ತೊಗಲು ಒಂದೇ ಥರ ಅಲ್ಲಾಡಲ್ಲ, ಹತ್ತಾರು ಥರ ಒಟ್ಟಿಗೆ ಅಲ್ಲಾಡುತ್ತೆ. ಮೂಲ ಕಂಪನ 1 ಅಂದುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಕಿವಿಗೆ ಅದು ಸದ್ದು, ಸ್ವರ ಅಲ್ಲ. ತಂತಿಯಲ್ಲಾದರೆ 1, 2, 3, 4 ಅಂತ ನೀಟಾಗಿ ಬರುತ್ತೆ, ಅದಕ್ಕೇ ವೀಣೆ ಶ್ರುತಿಗೆ ನಿಲ್ಲುತ್ತೆ. ಮೃದಂಗದ ವಿಶೇಷ ಏನು ಅಂದರೆ ಆ ಕರಣೆಯ ತೂಕ ಅಡ್ಡಾದಿಡ್ಡಿ ಕಂಪನಗಳನ್ನ ಎಳೆದು ತಂದು ಸುಮಾರಾಗಿ 1, 2, 3, 4, 5ರ ಸಾಲಿಗೆ ನಿಲ್ಲಿಸುತ್ತೆ. ತೊಗಲು ತಂತಿಯ ಹಾಗೆ ಹಾಡುತ್ತೆ. ರಾಮನ್ ತಮ್ಮ ಜೊತೆಗಾರರೊಬ್ಬರ ಜೊತೆ ಇದನ್ನ 1920ರಲ್ಲೇ ಪ್ರಕಟಿಸಿದರು. ನೊಬೆಲ್ ಬರೋದಕ್ಕೆ ಹತ್ತು ವರ್ಷ ಮೊದಲು. ಆಮೇಲೆ 1934ರಲ್ಲಿ ವಿವರವಾಗಿ ಬರೆದರು. ತೊಗಲಿನ ಮೇಲೆ ನುಣ್ಣನೆ ಮರಳು ಉದುರಿಸಿ, ತಟ್ಟಿದಾಗ ಮರಳು ಯಾವ ಗೆರೆಯಲ್ಲಿ ನಿಲ್ಲುತ್ತೆ ಅಂತ ನೋಡಿದರು.

ಗಮನಿಸಿ, ರಾಮನ್ ಕರಣೆ ಕಂಡುಹಿಡಿಯಲಿಲ್ಲ. ನಿಮ್ಮ ಹಿರಿಯರು ಯಾವಾಗಲೋ ಕಂಡುಹಿಡಿದು ಮುಗಿಸಿದ್ದರು. ಅದು ಯಾಕೆ ಸರಿ ಅಂತ ಇವರು ಹೇಳಿದರು.

ಕರಣೆ ಹಚ್ಚೋನು (ಅರಕಲಗೂಡು ಕಡೆ)

ಗೊತ್ತಿರಲಿಲ್ಲ ಮೇಡಂ. ಅಷ್ಟು ದೊಡ್ಡೋರು ಮೃದಂಗದ ಮೇಲೆ ಮರಳು ಹಾಕಿ ನೋಡಿದರಾ. ನಮ್ಮಪ್ಪ ಇದ್ದಿದ್ದರೆ ಮೊದಲು 'ಮರಳಾ? ತೊಗಲು ಹಾಳಾಗುತ್ತೆ' ಅಂತ ಬೈದಿರೋರು.

ಹೋದ ವರ್ಷ ಒಂದು ಘಟನೆ ಆಯ್ತು. ತಂಗಿ ಮಗ ಎಂಜಿನಿಯರಿಂಗ್ ಓದ್ತಾನೆ. ಮೊಬೈಲಿನಲ್ಲಿ ಸದ್ದಿನ ಗ್ರಾಫ್ ತೋರಿಸೋ ಆಪ್ ಹಾಕಿದ. ಎರಡು ಮೃದಂಗ ರೆಡಿ ಇತ್ತು. ಎರಡನ್ನೂ ತಟ್ಟಿದೆವು. ಗೆರೆಗಳು ಹೆಚ್ಚುಕಮ್ಮಿ ಒಂದೇ ಕಡೆ. ಮಾವ, ಎರಡೂ ಪಾಸ್ ಅಂದ. ವಿದ್ವಾಂಸರು ಬಂದರು. ಮೊದಲನೇದು ತಟ್ಟಿ ಪಕ್ಕಕ್ಕಿಟ್ಟರು. ಎರಡನೇದು ತಟ್ಟಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಇದು ಸಾಕು, ಅದು ಇನ್ನೊಂದು ಸಲ ನೋಡಪ್ಪ, ಮಾತಾಡಿ ಬೇಗ ಎದ್ದು ಹೋಗುತ್ತೆ ಅಂದರು. ನನಗೂ ಒಳಗೊಳಗೇ ಹಾಗೇ ಅನಿಸಿತ್ತು, ಆದರೆ ಗ್ರಾಫ್ ಪಾಸ್ ಅಂದಿತ್ತಲ್ಲ ಅಂತ ಸುಮ್ನಿದ್ದೆ. ಹುಡುಗ ಮುಖ ಸಣ್ಣ ಮಾಡಿದ.

ಲ್ಯಾಬ್ ಮೇಡಂ (ಹಾಸನ)

'ಬೇಗ ಎದ್ದು ಹೋಗುತ್ತೆ' ಅಂದರಾ? ನಿಮ್ಮ ಹುಡುಗನಿಗೆ ಹೇಳಿ ಬೇಜಾರು ಬೇಡ ಅಂತ. ಆ ಆಪ್ ತೋರಿಸಿದ್ದು ಯಾವ ಯಾವ ಕಂಪನ ಇದೆ ಅನ್ನೋದನ್ನ ಮಾತ್ರ. ಒಂದೊಂದು ಕಂಪನ ಎಷ್ಟು ಹೊತ್ತು ನಿಂತು ಸಾಯುತ್ತೆ ಅನ್ನೋದು ಬೇರೆ ಅಳತೆ. ಅದನ್ನೂ ನೋಡಬಹುದು, ಸದ್ದು ರೆಕಾರ್ಡ್ ಮಾಡಿ ಹೊತ್ತಿನ ಗೆರೆಯ ಮೇಲೆ ಹರಡಬೇಕು. ಗ್ರಾಫ್ ಸುಳ್ಳು ಹೇಳಲಿಲ್ಲ, ನೀವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡ್ತು. ವಿದ್ವಾಂಸರು ಬೇರೆ ಪ್ರಶ್ನೆ ಕೇಳಿದರು.

ಸುಮ್ನೆ ಓದೋನು

ಅಂದರೆ ಎಲ್ಲ ಅಳೆದರೆ ಕೊನೆಗೆ ಕಿವಿ ಬೇಡ ಅಂತಾಯ್ತು?

ತತ್ತ್ವ ಓದಿ ಕೌಂಟರ್ ಸೇರಿದವಳು (ಚಿಕ್ಕಮಗಳೂರು)

ಹಾಂ, ಈಗ ನನ್ನ ಸರದಿ ಬಂತು. ಹೊತ್ತನ್ನ ಅಳೆಯಬಹುದು. ಎಷ್ಟು ಹೊತ್ತು ನಿಂತರೆ ಚೆಂದ ಅಂತ ಯಾವ ಯಂತ್ರ ಹೇಳುತ್ತೆ? ತುಂಬಾ ಹೊತ್ತು ನಿಂತರೆ ಮುಂದಿನ ಜತಿ ಕಲಸಿಹೋಗುತ್ತೆ, ಅಲ್ವಾ ಅಣ್ಣ? ಎಲ್ಲಿ ಸಾಕು ಅನ್ನೋದನ್ನ ಯಾರೋ ಕೂತು ಕೇಳಿ ತೀರ್ಮಾನ ಮಾಡಬೇಕು.

1930ರ ಜುಲೈನಲ್ಲಿ ಟ್ಯಾಗೋರ್ ಬರ್ಲಿನ್ ಹತ್ತಿರದ ಕಾಪುಟ್‌ನಲ್ಲಿ ಐನ್‌ಸ್ಟೈನ್ ಮನೆಗೆ ಹೋಗಿದ್ದರು. ಮಾತು ಇದೇ ಕಡೆ ತಿರುಗಿತು. ಮನುಷ್ಯರೇ ಇಲ್ಲದೆ ಹೋದರೆ ಒಂದು ಗ್ರೀಕ್ ಶಿಲ್ಪ ಚೆಂದ ಅನ್ನಿಸಿಕೊಳ್ಳೋದಾ ಅಂತ ಐನ್‌ಸ್ಟೈನ್ ಕೇಳಿದರು. ಇಲ್ಲ ಅಂದರು ಟ್ಯಾಗೋರ್. ಚೆಂದದ ವಿಷಯದಲ್ಲಿ ಒಪ್ಪಿದೆ, ಸತ್ಯದ ವಿಷಯದಲ್ಲಿ ಒಪ್ಪಲ್ಲ ಅಂದರು ಐನ್‌ಸ್ಟೈನ್. ಟ್ಯಾಗೋರ್ ಸತ್ಯವೂ ಮನುಷ್ಯನ ಮೂಲಕವೇ ಅಂದರು. ಇಬ್ಬರೂ ತಮ್ಮ ತಮ್ಮ ಮಾತಿಗೇ ಅಂಟಿಕೊಂಡರು. ಕವಿ ಮತ್ತು ವಿಜ್ಞಾನಿ ಕೂತು ಸಮನ್ವಯ ಸಾಧಿಸಿದರು ಅಂತ ಆ ಫೋಟೋ ಹಾಕಿಕೊಂಡು ಬರೆಯೋರಿದ್ದಾರೆ. ಸಾಧಿಸಲಿಲ್ಲ. ಎಲ್ಲಿ ಒಪ್ಪಲ್ಲ ಅಂತ ಗೆರೆ ಎಳೆದು ಎದ್ದರು. ನನಗೆ ಅದೇ ದೊಡ್ಡದು ಅನಿಸುತ್ತೆ.

ಅಳತೆ ಟೇಪು (ಬೇಲೂರು)

ಮೃದಂಗದ ಕಥೆಯಿಂದ ನನ್ನ ತಲೆಯಲ್ಲಿ ಒಂದು ವಿಷಯ ಓಡ್ತಿದೆ. ಎರಡು ಮೃದಂಗವೂ ವಿದ್ವಾಂಸರಿಗೆ ಒಪ್ಪಿಗೆ ಆಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ಒಂದು ವಾಪಸ್ ಬಂತು, ಅದಕ್ಕೇ ಗ್ರಾಫ್, ಕಿವಿ, ಚೆಂದ ಮೂರೂ ಒಂದೇ ಚಾಪೆ ಮೇಲೆ ಕೂರಬೇಕಾಯ್ತು. ಕೆಪ್ಲರ್‌ಗೂ ಎಂಟು ಮಿನಿಟ್ ತಪ್ಪಿತು. ಸೈಟಿನಲ್ಲೂ ಹೀಗೇ. ಗೋಡೆ ನೆಟ್ಟಗಿರೋ ತನಕ ಆರ್ಕಿಟೆಕ್ಟ್ ಬೇರೆ, ಮೇಸ್ತ್ರಿ ಬೇರೆ, ನಾನು ಬೇರೆ. ಬಿರುಕು ಬಿಟ್ಟ ದಿನ ಮೂವರೂ ಒಂದೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಿರ್ತೀವಿ.

ಅರ್ಧ ಫಿಲ್ಟರ್ (ಚಿಕ್ಕಮಗಳೂರು)

ಬಿಡುವು ಬೇಕು ಅಂತ ನಾನು ಬರೆದ ಮಾತು ವಾಪಸ್ ತಗೋತೀನಿ. ಕರಣೆ ಅಣ್ಣನಿಗೆ ಬಿಡುವಿಲ್ಲ, ತೋಟವೂ ಇಲ್ಲ. ಅಣ್ಣ, ಒಂದು ಕೇಳ್ತೀನಿ. ಕಚೇರಿಯ ಬ್ಯಾನರಿನಲ್ಲಿ ನಿಮ್ಮ ಹೆಸರು ಬರುತ್ತಾ?

ಕರಣೆ ಹಚ್ಚೋನು (ಅರಕಲಗೂಡು ಕಡೆ)

ಬರಲ್ಲ. ಮೈಕ್ ಸೆಟ್‌ನವರ ಹೆಸರು ಕೆಳಗೆ ಸಣ್ಣದಾಗಿ ಬರುತ್ತೆ. ಒಂದು ಸಲ ಒಂದು ಕಡೆ ವೇದಿಕೆಗೆ ಕರೆದಿದ್ದರು, ಶಾಲು ಹೊದಿಸೋಕೆ ಅಂದುಕೊಂಡು ಹೊಸ ಶರ್ಟ್ ಹಾಕಿ ಹೋದೆ. ಕಚೇರಿ ನಡುವೆ ಮೃದಂಗ ಇಳಿದರೆ ಏರಿಸಿ ಕೊಡೋಕೆ ಕರೆದದ್ದು. ಇರಲಿ ಬಿಡಿ.

ಮಲೆನಾಡ ಮೇಷ್ಟ್ರು (ಕೊಪ್ಪ)

ಇರಲಿ ಅಂತ ಬಿಡೋ ಮಾತಲ್ಲ ಅದು. ಹೊಯ್ಸಳರ ಶಿಲ್ಪಿಗಳು ಕಲ್ಲಿನ ಮೇಲೆ ಹೆಸರು ಕೆತ್ತಿದ್ದಾರೆ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ, ಬಳ್ಳಿಗಾವೆಯವರು. ನಿಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ ಮಲ್ಲಿತಮ್ಮ, ಬೈಚೋಜ. ಯಾರ ಕೈ ಅಂತ ಕಲ್ಲು ಹೇಳುತ್ತೆ. ಫ್ಲೆಕ್ಸ್ ಬ್ಯಾನರ್ ಹೇಳಲ್ಲ. ಮೃದಂಗದ ಒಳಗೋಡೆಗೆ ನಿಮ್ಮ ಹೆಸರು ಬರೆದುಬಿಡಿ, ಹಲಸಿನ ಮರ ತಾನೆ, ಬಾಳಿಕೆ ಬರುತ್ತೆ.

ಕರಣೆ ಹಚ್ಚೋನು (ಅರಕಲಗೂಡು ಕಡೆ)

ಒಳಗೆ ಪೆನ್ಸಿಲಿನಲ್ಲಿ ತಾರೀಕು ಬರೀತೀನಿ ಮೇಷ್ಟ್ರೆ. ಹೆಸರು ಬರೆದಿಲ್ಲ.

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಬರೀಲಿಲ್ಲ, ಮನೆಯಲ್ಲಿ ಕೆಲಸ ನಡೀತಿತ್ತು. ಏನು ಕೆಲಸ ಅಂದರೆ ತಾರಸಿಯ ಮೇಲೆ ನಕ್ಷತ್ರ.

ಟೇಪು ಅಣ್ಣ ಹೇಳಿದ ಹಾಗೆ ಮೊಳೆ, ದಾರ, ಸೀಮೆಸುಣ್ಣ. ಮೊದಲನೇ ಸಲ ಹೊಲಿಗೆ ದಾರ ತಗೊಂಡೆವು. ಅದು ಎಳೆದ ಹಾಗೆ ಹಿಗ್ಗುತ್ತೆ, ನಾಲ್ಕನೇ ಚೌಕದ ಹೊತ್ತಿಗೆ ಮೂಲೆಗಳು ಮೊದಲಿನ ಚೌಕದಿಂದ ಎರಡು ಬೆರಳು ಆಚೆ. ನಕ್ಷತ್ರ ಕುಡಿದು ನಿಂತ ಹಾಗೆ ಕಾಣ್ತಿತ್ತು. ಹೆಂಡತಿ ಅಡುಗೆಮನೆಯಿಂದ ಗೋಣಿ ಹೊಲಿಯೋ ಹುರಿ ತಂದು ಕೊಟ್ಟಳು. ಎರಡನೇ ಸಲ ಸರಿ ಬಂತು, 16 ಮೂಲೆ. ಮಗಳು ಪ್ರೊಟ್ರಾಕ್ಟರ್ ಮುಟ್ಟಲಿಲ್ಲ, 90ನ್ನ ದಾರದಲ್ಲೇ ಅರ್ಧ ಮಾಡಿ, ಅದನ್ನ ಮತ್ತೆ ಅರ್ಧ ಮಾಡಿದಳು. ಆಮೇಲೆ ಐದು ಚೌಕ ಹಾಕೋಣ, 20 ಮೂಲೆ ಬರುತ್ತೆ ಅಂತ ಕೂತಳು. 90ನ್ನ ಐದು ಭಾಗ ಮಾಡಬೇಕು, ಬರೀ ಅರ್ಧ ಅರ್ಧ ಮಾಡ್ತಾ ಹೋದರೆ ಬರಲ್ಲ. ಒಂದು ಗಂಟೆ ಒದ್ದಾಡಿದಳು. 'ಅವರೂ ಇಲ್ಲೇ ಸಿಕ್ಕಿಹಾಕಿಕೊಂಡಿದ್ದರಾ ಅಪ್ಪಾ?' ಅಂದಳು. ಟೇಪು ಅಣ್ಣ, ಉತ್ತರ ನಿಮ್ಮದು.

ಅರ್ಜಿ ತುಂಬಿದೆವು. ಸೈನ್ಸ್. ಕಾಲಂ ಕಾಲಂಗಳಾಗೇ ಉಳಿದವು, ಅದಕ್ಕೆ ಬೇಜಾರು ಇದೆ, ಸುಳ್ಳು ಹೇಳಲ್ಲ. ತರ್ಕಶಾಸ್ತ್ರ ಇದೇ ಕಾಂಬಿನೇಷನ್ ಜೊತೆ ಸಿಗುತ್ತಾ ಅಂತ ಕೇಳಿದೆ, ಕೌಂಟರಿನಲ್ಲಿದ್ದವರು ನನ್ನ ಮುಖವನ್ನೇ ನೋಡಿದರು.

ಕರಣೆ ಅಣ್ಣ, ಮಗಳಿಗೆ ನಿಮ್ಮ ಕೆಲಸ ನೋಡಬೇಕಂತೆ. ಚಿತ್ರ ಬಿಡಿಸ್ತಾಳೆ, ಮಧ್ಯೆ ಮಾತಾಡಲ್ಲ. ಭಾನುವಾರ ಬರಬಹುದಾ?

ಅಳತೆ ಟೇಪು (ಬೇಲೂರು)

ಐದಕ್ಕೂ ದಾರದಲ್ಲಿ ದಾರಿ ಇದೆ, ಈಗಲೇ ಹೇಳಲ್ಲ. ಇನ್ನೊಂದು ವಾರ ಒದ್ದಾಡಲಿ.

ಕರಣೆ ಹಚ್ಚೋನು (ಅರಕಲಗೂಡು ಕಡೆ)

ಬನ್ನಿ ಸರ್. ಬೆಳಿಗ್ಗೆ ಬೇಗ ಬನ್ನಿ, ಮಧ್ಯಾಹ್ನ ಮಳೆ ಬಂದರೆ ಕರಣೆ ಒಣಗಲ್ಲ. ವಾಪಸ್ ಬಂದ ಮೃದಂಗ ಇನ್ನೂ ಹಾಗೇ ಇದೆ, ಅದನ್ನೇ ಬಿಚ್ಚುತ್ತೀನಿ. ಮಾತಾಡಬೇಡ ಅಂತ ಮಗಳಿಗೆ ಹೇಳಬೇಡಿ, ಕೇಳಲಿ. ಲ್ಯಾಬ್ ಮೇಡಂ, ನೀವೂ ಬರೋದಾದರೆ ರೆಕಾರ್ಡ್ ಮಾಡೋ ಸಾಮಾನು ತನ್ನಿ. ಮರಳು ಮಾತ್ರ ಬೇಡ.